ಸ್ಲೋ ನಿಲ್ಲದ ಹಳೆಯ ಕಾರು

ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗೇರನ್ನು ನ್ಯೂಟ್ರಲ್‌ನಲ್ಲಿ ಇರಿಸಿದಾಗ, ಎಂಜಿನ್ ತನ್ನನ್ನು ತಾನು ನಡೆಸಿಕೊಳ್ಳುವಷ್ಟೇ ಬಲದಿಂದ ತಿರುಗುವ ಸ್ಥಿತಿಗೆ ಐಡ್ಲಿಂಗ್ ಎಂದು ಹೆಸರು. ಗ್ಯಾರೇಜುಗಳಲ್ಲಿ ಇದನ್ನು ಚುಟುಕಾಗಿ ‘ಸ್ಲೋ’ ಎನ್ನುತ್ತಾರೆ. ಹಳೆಯ ಪೆಟ್ರೋಲ್ ಕಾರು ಸಿಗ್ನಲ್ಲಿನಲ್ಲಿ ನಡುಗುತ್ತ, ಏದುಸಿರು ಬಿಡುತ್ತ, ಕೊನೆಗೆ ಆಫ್ ಆಗಿಬಿಡುವ ಕಾಯಿಲೆಯನ್ನು ‘ಸ್ಲೋ ನಿಲ್ತಿಲ್ಲ’ ಎಂಬ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಓಡುವ ಕಾರಿನಲ್ಲಿ ವೇಗದ ಭರಕ್ಕೆ ಮುಚ್ಚಿಹೋಗುವ ಸಣ್ಣ ದೋಷಗಳೆಲ್ಲ ಈ ಸ್ಥಿತಿಯಲ್ಲಿ ಬಯಲಿಗೆ ಬರುವುದರಿಂದ, ಸ್ಲೋ ಎಂಬುದು ಎಂಜಿನ್ನಿನ ನಾಡಿಯಿದ್ದಂತೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇರುವ ಕಾರುಗಳು ಕಡಿಮೆಯಾದಂತೆ, ಆ ನಾಡಿ ಹಿಡಿದು ನೋಡುವ ಟ್ಯೂನಿಂಗ್ ಕಸುಬನ್ನು ಬಲ್ಲವರ ಸಂಖ್ಯೆಯೂ ಕುಗ್ಗುತ್ತಿದೆ.

ತುಮಕೂರು ರಸ್ತೆಯಲ್ಲಿ ಪೀಣ್ಯ, ಎಂಟನೇ ಮೈಲಿಗಳನ್ನು ದಾಟಿ ನೆಲಮಂಗಲದ ಕಡೆಗೆ ಸಾಗುವಾಗ ಸಿಗುವ ಮಾದನಾಯಕನಹಳ್ಳಿಯನ್ನು ಈ ಕಸುಬಿನ ಪರಿಚಯಕ್ಕೆ ನೆಲೆಯಾಗಿ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸರಿಸುಮಾರು ಹತ್ತನೇ ಒಂದು ಪಾಲು ಕಡಿಮೆ. ಗಾಳಿ ತೆಳುವಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುವುದರಿಂದ, ಚೆನ್ನೈನಲ್ಲಿ ಹದವಾಗಿದ್ದ ಕಾರ್ಬೊರೇಟರ್ ಇಲ್ಲಿ ತುಸು ‘ರಿಚ್’ ಆಗುತ್ತದೆ. ಇದಕ್ಕೆ ಎದುರಾದ ಸೆಳೆತವೂ ಇದೇ ಊರಿನ ಆಸುಪಾಸಿನಿಂದ ಹೊರಟಿತೆಂಬುದು ಒಂದು ಸೋಜಿಗ. ನೆರೆಯ ಮಾದಾವರದಲ್ಲಿರುವ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿಯವರು, ಶೇ 20ರಷ್ಟು ಎಥನಾಲ್ ಬೆರೆತ ‘ಇ20’ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಕೊಟ್ಟರು. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೊ ಸಾಕು. ಆದ್ದರಿಂದ ಬೆರಕೆ ಇಂಧನ ಕಾರ್ಬೊರೇಟರಿನ ಹಳೆಯ ಜೆಟ್ಟುಗಳ, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ರಂಧ್ರಗಳ, ಮೂಲಕ ಬಂದಾಗ ಗಾಳಿಯೇ ಹೆಚ್ಚೆನಿಸಿ ಮಿಶ್ರಣ ‘ಲೀನ್’, ಅಂದರೆ ತೆಳುವಾಗುತ್ತದೆ. ಊರಿನ ಎತ್ತರ ಒಂದು ಕಡೆಗೆ, ಬಂಕಿನ ಇಂಧನ ಇನ್ನೊಂದು ಕಡೆಗೆ ಎಳೆಯುತ್ತಿರುವಾಗ, ಮಿಶ್ರಣದ ಸ್ಕ್ರೂ ಇಷ್ಟೇ ಸುತ್ತು ಬಿಚ್ಚಬೇಕೆಂದು ಹಳೆಯ ಕೈಪಿಡಿ ಕೊಡುವ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಇಲ್ಲಿ ಹಳೆಯ ಕಾರು ಎಂದರೆ ಮುಖ್ಯವಾಗಿ 1089 ಸಿಸಿಯ ಪ್ರೀಮಿಯರ್ ಪದ್ಮಿನಿ, ಅಂಬಾಸಡರ್, ಮತ್ತು 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ, 796 ಸಿಸಿ ಎಂಜಿನ್ನಿನ ಮಾರುತಿ 800ರ ಕಾರ್ಬೊರೇಟರ್ ಮಾದರಿಗಳು. ಮೊದಲೆರಡರಲ್ಲಿ ನಾಲ್ಕು ಸಿಲಿಂಡರುಗಳಿದ್ದರೆ ಮಾರುತಿಯಲ್ಲಿ ಮೂರೇ ಇರುವುದರಿಂದ, ಒಂದು ಸಿಲಿಂಡರ್ ಉರಿಯುವುದನ್ನು ಬಿಟ್ಟರೆ ಮೂರನೇ ಒಂದು ಪಾಲು ಬಲವೇ ಹೋಗಿ ಡ್ಯಾಶ್‌ಬೋರ್ಡಿನ ಮೇಲಿಟ್ಟ ದೇವರ ಮೂರ್ತಿಯೂ ಅಲುಗಾಡುತ್ತದೆ. ಹೀಗೆ ಬಡಿತ ತಪ್ಪುವುದಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ. ಯಾವ ಸಿಲಿಂಡರ್ ಕೈಕೊಟ್ಟಿದೆಯೆಂದು ತಿಳಿಯಲು, ಕಿಡಿಗೆ ಪಾಯಿಂಟ್ ಬಳಸುವ ಹಳೆಯ ವ್ಯವಸ್ಥೆಯಲ್ಲಿ, ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ವಾಡಿಕೆ: ಬಿಡಿಸಿದಾಗ ಎಂಜಿನ್ ಕುಸಿದರೆ ಆ ಸಿಲಿಂಡರ್ ಇದುವರೆಗೆ ದುಡಿಯುತ್ತಿತ್ತು, ಏನೂ ವ್ಯತ್ಯಾಸವಾಗದಿದ್ದರೆ ಅದೇ ಕಳ್ಳ.

ಎಲ್ಲ ಸಿಲಿಂಡರುಗಳೂ ಸಮನಾಗಿ ತಡವರಿಸುತ್ತಿದ್ದರೆ ಅನುಮಾನ ಗಾಳಿ ಮತ್ತು ಪೆಟ್ರೋಲಿನ ಕಡೆಗೆ ಹೊರಳುತ್ತದೆ. ಏರ್ ಫಿಲ್ಟರನ್ನು ತೆಗೆದಿಟ್ಟು, ಓಡುತ್ತಿರುವ ಎಂಜಿನ್ನಿನ ಕಾರ್ಬೊರೇಟರ್ ಬಾಯಿಗೆ ಅಂಗೈಯನ್ನು ನಿಧಾನವಾಗಿ ಅಡ್ಡ ಹಿಡಿಯುವ ಪರೀಕ್ಷೆ ಇಲ್ಲಿ ಬಳಕೆಗೆ ಬರುತ್ತದೆ, ಆದರೆ ಎಂಜಿನ್ ಬ್ಯಾಕ್‌ಫೈರ್ ಮಾಡುತ್ತಿದ್ದರೆ ಮಾತ್ರ ಅಲ್ಲಿಗೆ ಕೈ ಒಯ್ಯುವಂತಿಲ್ಲ. ಗಾಳಿಯ ದಾರಿ ಅರ್ಧ ಮುಚ್ಚಿದಾಗ ತಡವರಿಕೆ ನಿಂತು ಸದ್ದು ನುಣುಪಾದರೆ ಮಿಶ್ರಣ ತೆಳುವಾಗಿತ್ತೆಂದೂ, ಇನ್ನಷ್ಟು ಉಸಿರುಕಟ್ಟಿ ಸೈಲೆನ್ಸರ್ ಕರಿಹೊಗೆ ಉಗುಳಿದರೆ ಪೆಟ್ರೋಲ್ ಮೊದಲೇ ಹೆಚ್ಚಿತ್ತೆಂದೂ ತೀರ್ಮಾನ. ತೆಳುವಾಗಿದೆಯೆಂದು ಗೊತ್ತಾದೊಡನೆ ಸ್ಕ್ರೂ ಡ್ರೈವರ್ ಹಿಡಿಯುವುದು ಅರೆಬರೆ ಕಲಿತವರ ಚಾಳಿ. ಕಳ್ಳಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂಬುದನ್ನು ಮೊದಲು ಹುಡುಕಬೇಕು. ಕಾರ್ಬೊರೇಟರ್ ಅಡಿಯ ಗ್ಯಾಸ್ಕೆಟ್, ಇನ್‌ಟೇಕ್ ಮ್ಯಾನಿಫೋಲ್ಡ್ ಎಂಬ ಗಾಳಿ ಹಂಚುವ ಕೊಳವೆ, ಬೂಸ್ಟರ್ ಇರುವ ಕಾರುಗಳಲ್ಲಿ ಬ್ರೇಕ್ ಬೂಸ್ಟರಿಗೆ ಹೋಗುವ ಹೋಸ್ ಇವುಗಳ ಸಂದುಗಳಿಗೆ ಸೋಪಿನ ನೀರು ಚಿಮುಕಿಸಿದಾಗ, ಬಿರುಕಿದ್ದಲ್ಲಿ ನೀರು ಒಳಗೆ ಎಳೆಯಲ್ಪಟ್ಟು ಎಂಜಿನ್ನಿನ ಸದ್ದು ಕ್ಷಣಕಾಲ ಬದಲಾಗುತ್ತದೆ. ಕೆಲವರು ಇದಕ್ಕೆ ಪೆಟ್ರೋಲನ್ನೇ ಎರಚುವುದುಂಟು. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇರುವಾಗ ಅದು ಬೆಂಕಿಯನ್ನು ಮನೆಗೆ ಕರೆದಂತೆ.

ಗಾಳಿಯೆಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದರೆ ಕೆಲಸ ಇನ್ನೂ ಖಚಿತ. ಆದರೆ ಪುಸ್ತಕಗಳು ಹೇಳುವ 18ರಿಂದ 21 ಇಂಚು ಪಾದರಸದ ಅಂಕಿ ಸಮುದ್ರಮಟ್ಟದ್ದು. ಪ್ರತಿ ಸಾವಿರ ಅಡಿ ಎತ್ತರಕ್ಕೆ ಒಂದು ಇಂಚಿನಂತೆ ಕಳೆದರೆ ಬೆಂಗಳೂರಿನಲ್ಲಿ 15ರಿಂದ 18 ಇಂಚು ತೋರಿಸುವ ಎಂಜಿನ್ ಆರೋಗ್ಯವಾಗಿಯೇ ಇದೆ. ಕಾರ್ಬೊರೇಟರಿನ ಥ್ರಾಟಲ್ ಅಚ್ಚು ವರ್ಷಗಳ ತಿರುಗಾಟದಿಂದ ಸವೆದು ಗಾಳಿ ಬಿಡುತ್ತಿದ್ದರೆ ಗ್ಯಾಸ್ಕೆಟ್ ಬದಲಿಸಿ ಪ್ರಯೋಜನವಿಲ್ಲ, ಹೊಸ ಬುಷ್ ಕೂರಿಸಬೇಕು. ಪೀಣ್ಯದ ಲೇತ್‌ಗಳು ಕೂಗಳತೆಯಲ್ಲಿರುವುದು ಈ ಭಾಗದ ಹಳೆಯ ಕಾರುಗಳ ಪುಣ್ಯ.

ಕಿಡಿಯ ಸರದಿ ಆಮೇಲಿನದು. ಬಿಚ್ಚಿದ ಸ್ಪಾರ್ಕ್ ಪ್ಲಗ್ಗಿನ ತುದಿ ಗೋಡಂಬಿ ಹುರಿದಂಥ ತಿಳಿ ಕಂದು ಬಣ್ಣದಲ್ಲಿದ್ದರೆ ಉರಿ ಹದವಾಗಿದೆ. ಒಣ ಮಸಿ ಹತ್ತಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ, ಜಿಡ್ಡು ಮಸಿಯಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಮೂಲಕ ಆಯಿಲ್ ಒಳಬರುತ್ತಿದೆ. ಈ ಪುಟ್ಟ ವಸ್ತುವಿಗೂ ಬೆಂಗಳೂರಿಗೂ ಹಳೆಯ ನಂಟು: 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸಿದ ಮೈಕೊ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ, ಹಳಬರ ಬಾಯಲ್ಲಿ ಪ್ಲಗ್ ಎಂದರೆ ಮೈಕೊ ಪ್ಲಗ್ಗೇ, ಬಡಾವಣೆಯೂ ಮೈಕೊ ಲೇಔಟೇ. ಪ್ಲಗ್ಗಿನ ಎರಡು ತುದಿಗಳ ನಡುವೆ ಕಿಡಿ ಹಾರುವ ಸಂದು ಮಾದರಿಗನುಗುಣವಾಗಿ 0.6ರಿಂದ 0.8 ಮಿಲಿಮೀಟರ್ ಇರಬೇಕಾದ್ದು. ಅಳತೆಯ ಗೇಜ್ ಇಲ್ಲದಾಗ ಮುರಿದ ಆಕ್ಸಾ ಬ್ಲೇಡಿನ ತುಂಡನ್ನೇ ತೂರಿಸಿ ನೋಡುವ ಉಪಾಯ ಅಷ್ಟೇನೂ ಅಡ್ಡದಾರಿಯಲ್ಲ, ಬ್ಲೇಡಿನ ದಪ್ಪ 0.6 ಮಿಲಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ.

ಸಿಲಿಂಡರುಗಳಿಗೆ ಸರದಿಯ ಪ್ರಕಾರ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅಂದರೆ ಗ್ಯಾರೇಜಿನ ‘ಡೆಲ್ಕೊ’, ಒಳಗೊಂಡಿರುವ ಪಾಯಿಂಟುಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕಾಳುಮೆಣಸಿಗಿಂತ ಚಿಕ್ಕದಾದ ಎರಡು ಲೋಹದ ಬಿಲ್ಲೆಗಳು ಪ್ರತಿ ಕಿಡಿಗೂ ಒಮ್ಮೆ ಕೂಡಿ ಬಿಡುತ್ತ, ಕಾಲಕ್ರಮದಲ್ಲಿ ಒಂದರ ಮೇಲೆ ಗುಳಿಯೂ ಇನ್ನೊಂದರ ಮೇಲೆ ಅದಕ್ಕೆ ಸರಿಯಾದ ಗುಬುಟೂ ಮೂಡುತ್ತವೆ. ಉಪ್ಪುಕಾಗದದಿಂದ ಉಜ್ಜಿ, ಸಂದನ್ನು 0.4ರಿಂದ 0.5 ಮಿಲಿಮೀಟರಿಗೆ ಹೊಂದಿಸಿದರೆ ಕೆಲವು ದಿನ ನಡೆಯುತ್ತದೆ. ಗುಳಿ ಬೇಗನೆ ಮರುಕಳಿಸಿದರೆ ಪಕ್ಕದ ಕಂಡೆನ್ಸರ್ ಸೋತಿದೆ. ಪಾಯಿಂಟಿನ ಸಂದು ಬದಲಾದರೆ ಕಿಡಿ ಬೀಳುವ ಹೊತ್ತೂ ಬದಲಾಗುವುದರಿಂದ, ಪಾಯಿಂಟ್ ಸೆಟ್ ಮಾಡಿದ ಮೇಲೆಯೇ ಟೈಮಿಂಗ್ ನೋಡಬೇಕೇ ಹೊರತು ಮೊದಲಲ್ಲ.

ರೇಸ್ ಕೊಟ್ಟಾಗ ಚೆನ್ನಾಗಿ ಓಡಿ, ಕಾಲು ತೆಗೆದೊಡನೆ ಸಾಯುವ ಕಾರಿನಲ್ಲಿ ದೋಷ ಬಹುಮಟ್ಟಿಗೆ ಸ್ಲೋ ಜೆಟ್ಟಿನದು. ಥ್ರಾಟಲ್ ಮುಚ್ಚಿದಾಗ ಮುಖ್ಯ ಜೆಟ್ಟಿನಿಂದ ಪೆಟ್ರೋಲ್ ಸೆಳೆಯುವಷ್ಟು ಗಾಳಿಯ ರಭಸ ಇರುವುದಿಲ್ಲವಾಗಿ, ಈ ಬೇರೆಯ ಕಿರುದಾರಿಯಿಂದಲೇ ಎಂಜಿನ್ ಬದುಕಬೇಕು. ಸೋಲೆಕ್ಸ್ ಬಗೆಯ ಜೆಟ್ಟಿನ ಮೇಲೆ 45 ಎಂದು ಕೆತ್ತಿದ್ದರೆ ಅದರ ರಂಧ್ರ 0.45 ಮಿಲಿಮೀಟರ್ ಎಂದರ್ಥ; ಎಥನಾಲಿಗೆ ಉಬ್ಬಿ ಉದುರಿದ ಹಳೆಯ ರಬ್ಬರ್ ಪೈಪಿನ ಒಂದು ಕಣ, ಅಥವಾ ಎಥನಾಲ್ ಹೀರಿಕೊಂಡ ತೇವದಿಂದ ಟ್ಯಾಂಕಿನಲ್ಲಿ ಎದ್ದ ತುಕ್ಕಿನ ಪುಡಿ, ಅದನ್ನು ಮುಚ್ಚಲು ಸಾಕು. ತಂತಿ ತೂರಿಸಿ ಚುಚ್ಚಿದರೆ ಹಿತ್ತಾಳೆಯ ರಂಧ್ರ ಹಿಗ್ಗಿ ಜೆಟ್ ಕೈಬಿಟ್ಟಂತೆಯೇ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆದು, ಬೆಳಕಿಗೆ ಹಿಡಿದಾಗ ರಂಧ್ರ ಸೂಜಿಮೊನೆಯ ನಕ್ಷತ್ರದಂತೆ ದುಂಡಗೆ ಕಾಣಬೇಕು. ಜತೆಗೆ ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಾಳುವ ಬಗೆಗೆ ಬದಲಿಸದಿದ್ದರೆ ಅದೇ ಕಸ ಮತ್ತೆ ಬಂದು ಕೂರುತ್ತದೆ.

ಇಷ್ಟಾದರೂ ಒಂದು ಸಿಲಿಂಡರ್ ಮೌನವಾಗಿದ್ದರೆ ವಾಲ್ವ್ ತೆರೆಯುವ ಟ್ಯಾಪೆಟ್ಟಿನ ಸಂದು ನೋಡಬೇಕು. ಟ್ಯಾಪೆಟ್ ಸದ್ದು ಮಾಡದ ಎಂಜಿನ್ ಚೆನ್ನಾಗಿದೆಯೆಂಬ ಮಾಲೀಕರ ನಂಬಿಕೆ ಅನೇಕ ವಾಲ್ವ್‌ಗಳನ್ನು ಸುಟ್ಟಿದೆ: ಸಂದು ತೀರ ಬಿಗಿಯಾದರೆ ಬಿಸಿಯಲ್ಲಿ ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ.

ಮಿಶ್ರಣದ ಸ್ಕ್ರೂವಿಗೆ ಕೈಹಾಕುವುದು ಇವೆಲ್ಲ ಮುಗಿದ ಬಳಿಕ. ಎಂಜಿನ್ ಬಿಸಿಯಾದ ಮೇಲೆ ಆ ಸ್ಕ್ರೂವನ್ನು ಅತ್ತಿತ್ತ ತಿರುಗಿಸಿ ಎಂಜಿನ್ ಅತಿ ವೇಗವಾಗಿ, ಸ್ಥಿರವಾಗಿ ಓಡುವ ಬಿಂದುವನ್ನು ಕಿವಿಯಿಂದ ಹಿಡಿದು, ವೇಗದ ಸ್ಕ್ರೂವಿನಿಂದ ನಿಮಿಷಕ್ಕೆ 800–900 ಸುತ್ತಿಗೆ ಇಳಿಸಿ, ಮತ್ತೆ ಮೊದಲ ಸ್ಕ್ರೂವಿಗೆ ಮರಳುವುದು ಕ್ರಮ. ಕಾರ್ಬೊರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್ಐ ಕಾರುಗಳಲ್ಲಿ ಈ ಸ್ಕ್ರೂವಿನ ಆಟವಿಲ್ಲ. ಅಲ್ಲಿ ಥ್ರಾಟಲ್ ಬಾಡಿಗೆ ಹಿಡಿದ ಕಿಟ್ಟ, ಸ್ಲೋ ಗಾಳಿಯನ್ನು ನಿಯಂತ್ರಿಸುವ ವಾಲ್ವ್ ಮತ್ತು ಸೆನ್ಸರುಗಳನ್ನು ನೋಡಬೇಕು.

ಕಿವಿಯ ತೀರ್ಪಿಗೆ ಸಾಕ್ಷಿ ಬೇಕಿದ್ದರೆ ಎಮಿಷನ್ ಟೆಸ್ಟ್ ಚೀಟಿ ಇದೆ. ಪರೀಕ್ಷೆ ನಡೆಯುವುದೇ ಸ್ಲೋನಲ್ಲಿ. ಭಾರತ್ ಸ್ಟೇಜ್ 2ಕ್ಕೂ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಶೇ 3 ಮತ್ತು ಹೈಡ್ರೋಕಾರ್ಬನ್ 1500 ಪಿಪಿಎಂ ಮೀರುವಂತಿಲ್ಲ. ಮೊದಲನೆಯದು ಏರಿದ್ದರೆ ಮಿಶ್ರಣ ರಿಚ್, ಎರಡನೆಯದು ಮಾತ್ರ ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ, ಅಂದರೆ ಮಿಸ್ಸಿಂಗ್ ಇನ್ನೂ ಉಳಿದಿದೆ. ರಕ್ತಪರೀಕ್ಷೆಯ ವರದಿಯಂತಿರುವ ಈ ಚೀಟಿಯನ್ನು ಓದದೆ ಡ್ಯಾಶ್‌ಬೋರ್ಡಿನೊಳಗೆ ತುರುಕುವವರೇ ಹೆಚ್ಚು. ಯಂತ್ರವೂ ಕಿವಿಯೂ ಒಪ್ಪಿದ ಕಾರನ್ನು ರಾತ್ರಿಯೆಲ್ಲ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯೇರಿದಂತೆ ಚೋಕನ್ನು ಸ್ವಲ್ಪಸ್ವಲ್ಪವೇ ಒಳತಳ್ಳಿ, ಹೆಡ್‌ಲೈಟ್ ಹಾಕಿದಾಗಲೂ ಸ್ಲೋ ಕುಸಿಯದೆ ನಿಂತಿತೆಂದು ಕಂಡ ಮೇಲೆಯೇ ಅನುಭವಸ್ಥರು ಕೀಲಿಕೈಯನ್ನು ಮಾಲೀಕರಿಗೆ ಮರಳಿಸುತ್ತಾರೆ.