ಗುಜರಿಯಲ್ಲಿ ಬದುಕಿರುವ ಜಾವಾ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆಮೇಲೆ ಅಲ್ಲಿಂದ ಒಂದು ಬೋಲ್ಟು ಕೂಡ ಹೊರಬಂದಿಲ್ಲ. ಆದರೂ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಹೊತ್ತ ಜಾವಾ, ಯೆಜ್ಡಿ ಬೈಕುಗಳ ಸದ್ದು ನಮ್ಮ ಊರುಗಳಲ್ಲಿ ಪೂರ್ತಿ ನಿಂತಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅವುಗಳ ಒಡೆಯರು ಒಂದೆಡೆ ಸೇರಿ ಸಾಲಾಗಿ ಹೊರಡುವ ವಾಡಿಕೆಯೂ ಬೆಳೆದಿದೆ. ತಯಾರಿಸಿದ ಮನೆಯೇ ಇಲ್ಲದ ಯಂತ್ರಕ್ಕೆ ಗೇರು, ಕ್ರ್ಯಾಂಕು, ಚಕ್ರದ ಹಬ್ಬು ಎಲ್ಲಿಂದ ಬರುತ್ತವೆ? ಬಹುಮಟ್ಟಿಗೆ ಗುಜರಿಯಿಂದ.

ಗುಜರಿ ಎಂಬ ಶಬ್ದ ಕನ್ನಡಕ್ಕೆ ಉರ್ದುವಿನ ದಾರಿಯಲ್ಲಿ ಬಂದದ್ದು. ದಾರಿಯ ಬದಿಯಲ್ಲಿ ಸಾಯಂಕಾಲದ ಹೊತ್ತು ನೆರೆಯುವ ಸಂತೆಗೆ ಉರ್ದುವಿನಲ್ಲಿ ಆ ಹೆಸರು. ಹಾದುಹೋಗುವುದು ಎಂಬರ್ಥದ ಪಾರಸಿ ಮಾತು ಅದರ ಬೇರು. ನಮ್ಮಲ್ಲಿ ಅದು ಹಳೆಯ ಸಾಮಾನಿನ ಅಂಗಡಿಗೂ ಅಲ್ಲಿ ಸಿಗುವ ಮಾಲಿಗೂ ನಿಂತುಹೋಯಿತು. ‘ಗುಜರಿಗೆ ಹಾಕು’ ಎಂದರೆ ಇನ್ನು ಕೆಲಸಕ್ಕೆ ಬಾರದು ಎಂದೇ ಅರ್ಥ. ಆದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಾಗಲಿ, ಚೆನ್ನೈನ ಪುದುಪೇಟೆಯಲ್ಲಾಗಲಿ, ದೆಹಲಿಯ ಮಾಯಾಪುರಿಯಲ್ಲಾಗಲಿ ಹಳೆಯ ವಾಹನಗಳ ಅಂಗಾಂಗಗಳನ್ನು ತಿರುವಿಹಾಕುವವರ ಲೆಕ್ಕವೇ ಬೇರೆ. ಅವರಿಗೆ ಅದು ಯಂತ್ರದ ಕೊನೆಯಲ್ಲ. ಇನ್ನೊಂದು ಯಂತ್ರದ ಆರಂಭ.

ಜಾವಾ ಮೂಲತಃ ಜೆಕೊಸ್ಲೊವಾಕಿಯಾದ ಬೈಕು. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರಗಳ ಜೊತೆ ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಎಂದು ಕರೆದರು. ಆ ಕಂಪನಿಯ ಪರವಾನಗಿಯೊಂದಿಗೆ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಆರಂಭಿಸಿದರು. 1961ರಲ್ಲಿ ಜಯಚಾಮರಾಜ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. ಮೊದಮೊದಲು ಹೊರಗಿನಿಂದ ಬರುತ್ತಿದ್ದ ಭಾಗಗಳು ಕ್ರಮೇಣ ಇಲ್ಲಿಯೇ ತಯಾರಾಗತೊಡಗಿದವು. 1973ರಿಂದ ಬೈಕಿನ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್ ಆ ಪೀಳಿಗೆಯ ಯುವಕರ ಕನಸಿನ ಬೈಕು.

ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳ ಸಹಯೋಗದ 100 ಸಿಸಿ ಬೈಕುಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಹಗುರ, ಕಡಿಮೆ ಪೆಟ್ರೋಲು. ಅವುಗಳೆದುರು 250 ಸಿಸಿಯ ಭಾರದ ಟೂ-ಸ್ಟ್ರೋಕ್ ಯೆಜ್ಡಿ ಹೆಚ್ಚು ಕುಡಿಯುವ ಗಾಡಿಯಾಗಿ ಕಂಡಿತು. ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದವು. ಕಾರ್ಖಾನೆ ಉಳಿಯಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳನ್ನು ಬೇರೊಂದು ಕಂಪನಿ ಮಾರುಕಟ್ಟೆಗೆ ತಂದಿತಾದರೂ ಅವು ನೀರಿನಿಂದ ತಣಿಯುವ ಫೋರ್-ಸ್ಟ್ರೋಕ್ ಎಂಜಿನ್ನಿನವು. ಹೆಸರು ಒಂದೇ; ಹೊಸದರ ಎಂಜಿನ್ ಭಾಗ ಹಳೆಯದಕ್ಕೆ ಕೂರುವುದಿಲ್ಲ.

ತೂಕದ ಮಾಲು, ಬೆಲೆಯ ಮಾಲು

ಗುಜರಿಗೆ ಬಂದ ಬೈಕನ್ನು ಬಿಚ್ಚಿದ ಮೇಲೆ ಅದು ಎರಡು ದಾರಿ ಹಿಡಿಯುತ್ತದೆ. ಕಬ್ಬಿಣ, ಅಲ್ಯುಮಿನಿಯಂ, ತಾಮ್ರ ಎಂದು ವಿಂಗಡಿಸಿ ತೂಕಕ್ಕೆ ಹಾಕುವುದು ಒಂದು ದಾರಿ. ಅದರ ಕೊನೆ ಕರಗಿಸುವ ಕುಲುಮೆ. ಗುರುತು ಹಿಡಿದು ಬಿಡಿಭಾಗವಾಗಿ ಮಾರುವುದು ಇನ್ನೊಂದು. ಒಂದು ಕ್ರ್ಯಾಂಕ್‌ಕೇಸ್ ತೂಕದ ರಾಶಿಗೆ ಬಿದ್ದರೆ ಅದು ಕೆಲವು ಕಿಲೋ ಅಲ್ಯುಮಿನಿಯಂ ಮಾತ್ರ. ಬೇಕಾದವನ ಕಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಬೈಕನ್ನು ಎಬ್ಬಿಸುವ ವಸ್ತು. ಎರಡರ ನಡುವಿನ ಅಂತರವೆಲ್ಲ ಗುರುತಿಸುವ ಕಣ್ಣಿನದು.

ಆದ್ದರಿಂದಲೇ ಅನುಭವಿಗಳು ಗುಜರಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಹಾಳಾದ ಹಳೆಯ ಭಾಗವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ. ಅಳತೆಗೆ ವರ್ನಿಯರ್ ಕ್ಯಾಲಿಪರ್, ಒಳಗೆ ನೋಡಲು ಟಾರ್ಚು, ಕಬ್ಬಿಣವೋ ಅಲ್ಯುಮಿನಿಯಮ್ಮೋ ತಿಳಿಯಲು ಸಣ್ಣದೊಂದು ಅಯಸ್ಕಾಂತ. ಜಾವಾದಿಂದ ಯೆಜ್ಡಿಗೆ, ಒಂದು ಮಾದರಿಯಿಂದ ಇನ್ನೊಂದಕ್ಕೆ ಭಾಗಗಳು ಬದಲಾಗಿವೆ. ಕಣ್ಣಿಗೆ ಒಂದೇ ರೀತಿ ಕಂಡದ್ದು ಮನೆಗೆ ತಂದ ಮೇಲೆ ಮಿಲಿಮೀಟರಿನ ವ್ಯತ್ಯಾಸದಲ್ಲಿ ಕೂರದೆ ಹೋಗಬಹುದು.

ಯಾವುದನ್ನು ಆರಿಸಬೇಕು?

ಹಳೆಯ ಜಾವಾದ ಎಂಜಿನ್ ಟೂ-ಸ್ಟ್ರೋಕ್ ಮಾದರಿಯದು. ಅದರಲ್ಲಿ ಕವಾಟಗಳಿಲ್ಲ. ಪಿಸ್ಟನ್ ಮೇಲೇರಿದಾಗ ಪೆಟ್ರೋಲು, ಆಯಿಲ್ ಮತ್ತು ಗಾಳಿಯ ಮಿಶ್ರಣ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ. ಪಿಸ್ಟನ್ ಇಳಿದಾಗ ಅದೇ ಮಿಶ್ರಣ ಅಲ್ಲಿ ಒತ್ತಲ್ಪಟ್ಟು, ಪಕ್ಕದ ಕಿಂಡಿಗಳ ಮೂಲಕ ಸಿಲಿಂಡರಿಗೆ ನುಗ್ಗುತ್ತದೆ. ಅಂದರೆ ಕ್ರ್ಯಾಂಕ್‌ಕೇಸ್ ಬರೀ ಡಬ್ಬಿಯಲ್ಲ, ಅದೊಂದು ಪಂಪು. ಗಾಳಿ ಸೋರಿದರೆ ಎಂಜಿನ್ ಸರಿಯಾಗಿ ಓಡದು. ಅದರ ಎರಡು ಹೋಳುಗಳನ್ನು ಜೋಡಿಯಾಗಿಯೇ ಕೊರೆದು ಹೊಂದಿಸಿರುತ್ತಾರೆ. ಆದ್ದರಿಂದ ಒಂದು ಹೋಳು ಈ ಅಂಗಡಿಯಲ್ಲಿ, ಇನ್ನೊಂದು ಆ ಅಂಗಡಿಯಲ್ಲಿ ಸಿಕ್ಕಿತೆಂದು ಸಂತೋಷಪಡುವಂತಿಲ್ಲ. ಚೈನು ತುಂಡಾಗಿ ಬಡಿದ ಜಾಗದಲ್ಲಿ ಬಿರುಕಿದೆಯೇ, ಬೇರಿಂಗ್ ಕೂರುವ ಜಾಗ ಸವೆದಿದೆಯೇ ಎಂದು ಮೊದಲು ನೋಡಬೇಕು.

ಸಿಲಿಂಡರ್ ಸವೆದಿದ್ದರೆ ಹೆದರಬೇಕಾಗಿಲ್ಲ. ಬೀಡುಕಬ್ಬಿಣದ ಸಿಲಿಂಡರನ್ನು ಲೇಥಿನವರ ಬಳಿ ಮತ್ತೆ ಬೋರು ಮಾಡಿಸಿ, ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ದೊಡ್ಡದಾದ ಪಿಸ್ಟನ್ ಹಾಕಬಹುದು. ಆದರೆ ಎಷ್ಟು ಸಲ ಬೋರು ಆಗಿದೆ, ಇನ್ನೆಷ್ಟು ಲೋಹ ಉಳಿದಿದೆ ಎಂಬುದು ಮುಖ್ಯ. ಕ್ರ್ಯಾಂಕನ್ನು ಕೈಯಲ್ಲಿ ಹಿಡಿದು ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದಾಗ ಲಟಲಟ ಆಡಿದರೆ ಬೇರಿಂಗ್ ಹೋಗಿದೆ ಎಂದರ್ಥ. ಅದನ್ನು ಪ್ರೆಸ್ಸಿನಲ್ಲಿ ಬಿಡಿಸಿ ಸರಿಮಾಡಬಹುದು. ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಬೇಕು ಅಷ್ಟೆ. ಗೇರುಗಳ ಹಲ್ಲಿನ ಮೇಲೆ ಸಣ್ಣ ಗುಳಿಗಳಿದ್ದರೆ, ಒಂದಕ್ಕೊಂದು ಕಚ್ಚುವ ಮೂಲೆಗಳು ದುಂಡಗಾಗಿದ್ದರೆ ಬಿಟ್ಟುಬಿಡುವುದೇ ಲೇಸು. ಅಂಥ ಗೇರು ಓಟದ ನಡುವೆ ಜಾರುತ್ತದೆ. ಜಾವಾದ ವಿಶೇಷವೆಂದರೆ ಗೇರ್ ಹಾಕುವ ಲಿವರನ್ನೇ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಒಂದೇ ಲಿವರ್ ಎರಡು ಕೆಲಸ ಮಾಡುವುದರಿಂದ ಅದರ ಹಲ್ಲುಗಳ ಸವೆತವನ್ನೂ ಪರೀಕ್ಷಿಸಬೇಕು.

ಚಾಸಿ ನೆಟ್ಟಗಿದೆಯೇ ಎಂಬುದಕ್ಕೆ ಮುಂದಿನಿಂದ ಹಿಂದಕ್ಕೆ ದಾರ ಎಳೆದು ನೋಡುವುದು ಹಳೆಯ ಉಪಾಯ. ಮುಂದಿನ ಫೋರ್ಕಿನ ಕೊಳವೆಗಳನ್ನು ಸಪಾಟಾದ ಗಾಜಿನ ಮೇಲೆ ಉರುಳಿಸಿದರೆ ಸೊಟ್ಟಗಿರುವುದು ತಾನಾಗಿಯೇ ಕಾಣುತ್ತದೆ. ಪೆಟ್ರೋಲ್ ಟ್ಯಾಂಕಿನ ಹೊರಗಿನ ಬಣ್ಣಕ್ಕಿಂತ ಒಳಗಿನ ತುಕ್ಕು ದೊಡ್ಡ ಮಾತು. ತೂತು ಕಂಡಿತೆಂದು ಟ್ಯಾಂಕನ್ನು ಹಾಗೆಯೇ ಬೆಸುಗೆಯ ಅಂಗಡಿಗೆ ಕೊಡಬಾರದು. ವರ್ಷಗಳಿಂದ ಖಾಲಿಯಿರುವ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಉಳಿದಿರಬಹುದು. ಒಂದು ಕಿಡಿ ಸಾಕು, ಅದು ಸಿಡಿಯುತ್ತದೆ.

ಎಷ್ಟೇ ಅಗ್ಗಕ್ಕೆ ಸಿಕ್ಕರೂ ಗುಜರಿಯಿಂದ ತರಬಾರದ ಭಾಗಗಳೂ ಇವೆ. ಟೈರು, ಬ್ರೇಕ್ ಶೂ, ಬ್ರೇಕ್ ಮತ್ತು ಕ್ಲಚ್ ಕೇಬಲ್, ಚೈನು, ಆಯಿಲ್ ಸೀಲು, ಚಕ್ರದ ಬೇರಿಂಗು ಇವು ಹೊಸದಾಗಿಯೇ ಇರಬೇಕು. ಉಳಿತಾಯ ಮಾಡುವ ಜಾಗ ಇದಲ್ಲ. ಹಬ್ಬು ಹಳೆಯದಿರಲಿ, ಕಡ್ಡಿಗಳು ಹೊಸವಿರಲಿ. ಬೈಕು ನಿಲ್ಲುವುದು, ನೆಟ್ಟಗೆ ಹೋಗುವುದು ಯಾವುದರಿಂದಲೋ ಅದರಲ್ಲಿ ರಾಜಿ ಸಲ್ಲದು ಎಂಬುದು ಸರಳ ಸೂತ್ರ.

ಲೋಹದ ಜೊತೆಗೆ ಕಾಗದ

ಗುಜರಿಯ ಮಾಲಿಗೆ ಇನ್ನೊಂದು ಪರೀಕ್ಷೆಯುಂಟು. ಚಾಸಿಯ ಮೇಲೂ ಎಂಜಿನ್ನಿನ ಮೇಲೂ ಒತ್ತಿದ ಸಂಖ್ಯೆಗಳಿರುತ್ತವೆ. ಬೈಕು ಯಾರದು ಎಂದು ಹೇಳುವುದು ಅವೇ. ಸಂಖ್ಯೆಯನ್ನು ಉಜ್ಜಿ ಅಳಿಸಿದ, ಮೇಲೆ ಬೆಸುಗೆ ಹಾಕಿ ಮತ್ತೆ ಒತ್ತಿದ ಗುರುತಿದ್ದರೆ ಕೈಬಿಡುವುದೇ ಕ್ಷೇಮ. ಅದರ ಹಿಂದೆ ಬೈಕು ಕಳೆದುಕೊಂಡ ಯಾರೋ ಒಬ್ಬರಿರಬಹುದು. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಶಿಕ್ಷಾರ್ಹ ಅಪರಾಧ. ಚಾಸಿ ಅಥವಾ ಎಂಜಿನ್ ಕೊಳ್ಳುವಾಗ ಆರ್.ಸಿ. ಪುಸ್ತಕ, ಮಾರಿದವರ ಸಹಿಯಿರುವ ರಸೀದಿ ಕೇಳಿ ಪಡೆಯಬೇಕು. ಎಂಜಿನ್ ಬದಲಿಸಿದರೆ ಅದು ಸಾರಿಗೆ ಕಚೇರಿಯ ಒಪ್ಪಿಗೆಯೊಂದಿಗೆ ಪುಸ್ತಕದಲ್ಲಿ ನಮೂದಾಗಬೇಕು.

ತನಗೆ ಬೇಕಾದ ಹಾಗೆ ಬೈಕು ಕಟ್ಟಿಕೊಳ್ಳುವವರು ತಿಳಿಯಬೇಕಾದ ಮಾತು ಇನ್ನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಬಣ್ಣ ಬಳಿಯುವ, ಸವೆದ ಭಾಗಕ್ಕೆ ಅಂಥದ್ದೇ ಭಾಗ ಹಾಕುವ ಸ್ವಾತಂತ್ರ್ಯ ಒಡೆಯನಿಗಿದೆ. ಬಣ್ಣ ಪೂರ್ತಿ ಬದಲಾದರೆ ಅದೂ ಪುಸ್ತಕದಲ್ಲಿ ಸೇರಬೇಕು. ಆದರೆ ಚಾಸಿ ಕತ್ತರಿಸಿ, ಬೇರೊಂದರ ಎಂಜಿನ್ ಕೂರಿಸಿ ರಸ್ತೆಗಿಳಿಸುವುದು ಬೇರೆ ಮಾತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ ವಾಹನಗಳು ‘ವಿಂಟೇಜ್’ ಎಂದು ನೋಂದಣಿ ಪಡೆಯಬಹುದು. ಚಾಸಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಾಗಿಲ್ಲದೆ ಮೂಲ ರೂಪ ಉಳಿದಿರಬೇಕು ಎಂಬುದೇ ಅದರ ಷರತ್ತು. ಮೈಸೂರಿನ ಮೊದಮೊದಲ ಜಾವಾಗಳು ಈ ವಯಸ್ಸನ್ನು ಎಂದೋ ದಾಟಿವೆ. ಇವತ್ತು ಗರಗಸ ಹಾಕಿದ ಚಾಸಿಗೆ ನಾಳೆ ಆ ಗೌರವ ದೊರೆಯಲಾರದು.

ಹಳೆಯ ವಾಹನಗಳನ್ನು ನೋಂದಾಯಿತ ಕೇಂದ್ರಗಳಲ್ಲಿಯೇ ಕ್ರಮಬದ್ಧವಾಗಿ ಕಳಚಬೇಕೆಂಬ ನಿಯಮವೂ 2021ರಲ್ಲಿ ಬಂತು. ಹೊಗೆ ಮತ್ತು ಕಳ್ಳಮಾಲು ಎರಡನ್ನೂ ತಡೆಯಲು ಇದು ಒಳ್ಳೆಯದೇ. ಆದರೆ ಎಲ್ಲವೂ ನೇರವಾಗಿ ಕುಲುಮೆಗೆ ಹೋದರೆ ಕಾರ್ಖಾನೆ ಮುಚ್ಚಿದ ಬೈಕುಗಳಿಗೆ ಅದು ನಷ್ಟ. ಕರಗಿದ ಗೇರು ಮತ್ತೆ ಹುಟ್ಟುವುದಿಲ್ಲ.

ಇಲ್ಲಿಯೇ ಗುಜರಿಯ ಬೈಕಿನ ನಿಜವಾದ ಲೆಕ್ಕ ಅಡಗಿದೆ. ನಿಂತುಹೋದ ಮೂರು ಗಾಡಿಗಳಿಂದ ಓಡುವ ಒಂದು ಗಾಡಿ ಹುಟ್ಟುತ್ತದೆ. ಆ ಮೂರರಲ್ಲಿ ಎರಡು ಶಾಶ್ವತವಾಗಿ ಇಲ್ಲವಾಗುತ್ತವೆ. ನಕಲು ಪಿಸ್ಟನ್, ರಬ್ಬರು, ಕೇಬಲ್ ಹೊಸದಾಗಿ ಸಿಗಬಹುದು. ಕ್ರ್ಯಾಂಕ್‌ಕೇಸ್, ಸಂಖ್ಯೆ ಉಳಿದ ಚಾಸಿಯಂಥವು ಇರುವಷ್ಟೇ. ಅದರಿಂದ ಸ್ವಲ್ಪ ದುಡಿದರೆ ಎದ್ದು ನಿಲ್ಲುವ, ಕಾಗದ ಸರಿಯಿರುವ ಬೈಕನ್ನು ಬಿಡಿಭಾಗಕ್ಕಾಗಿ ಕಳಚುವುದು ಲಾಭದಂತೆ ಕಂಡರೂ ಲಾಭವಲ್ಲ. ಅಪಘಾತದಲ್ಲಿ ಮುರಿದದ್ದು, ಕಾಗದ ಕಳೆದು ಮತ್ತೆ ರಸ್ತೆಗಿಳಿಯಲಾರದ್ದು ಕಳಚುವುದಕ್ಕೆ ಯೋಗ್ಯ.

ಜೊತೆಗೆ ಇನ್ನೊಂದು ವಸ್ತು ಗುಜರಿಯಲ್ಲಿ ತೂಕಕ್ಕೆ ಸಿಗುವುದಿಲ್ಲ: ಕೈಯ ತಿಳಿವಳಿಕೆ. ಯಾವ ಮಾದರಿಯ ಯಾವ ಭಾಗ ಯಾವುದಕ್ಕೆ ಕೂರುತ್ತದೆ, ಕ್ರ್ಯಾಂಕಿನ ಸೊಟ್ಟನ್ನು ತಾಮ್ರದ ಸುತ್ತಿಗೆಯ ಎಷ್ಟು ಪೆಟ್ಟಿಗೆ ತೆಗೆಯಬೇಕು ಎಂಬುದನ್ನು ಬಲ್ಲ ಹಳೆಯ ಮೆಕ್ಯಾನಿಕ್ಕುಗಳಿಗೆ ಈಗ ವಯಸ್ಸಾಗಿದೆ. ಜಾವಾ ಕಟ್ಟಬೇಕೆನ್ನುವ ಹುಡುಗರು ಗುಜರಿಗೆ ಹೋಗುವ ಮುನ್ನ ಅಂಥವರೊಬ್ಬರ ಪಕ್ಕದಲ್ಲಿ ಕೆಲವು ದಿನ ಕುಳಿತರೆ ಅರ್ಧ ಕೆಲಸ ಮುಗಿದಂತೆ. ಬಿಡಿಭಾಗ ಇಂದಲ್ಲ ನಾಳೆ ಸಿಗಬಹುದು. ಅದನ್ನು ಗುರುತಿಸುವ ಕಣ್ಣನ್ನು ಕೇಳಿ ಕಲಿಯುವುದಕ್ಕೆ ಮಾತ್ರ ಹೆಚ್ಚು ವರ್ಷಗಳು ಉಳಿದಿಲ್ಲ.