ಎರಡನೇ ಚಾವಿ ಎಲ್ಲೈತಿ?

ಏಪ್ರಿಲ್ ತಿಂಗಳಲ್ಲಿ ಕುಳಗೇರಿ ಕ್ರಾಸ್‌ನ ಬಿಸಿಲಿಗೆ ಒಂದು ತಾಸು ನಿಂತ ಕಾರಿನ ಸ್ಟೇರಿಂಗ್ ಮುಟ್ಟಿ ನೋಡಿದವರಿಗೆ ರಿಮೋಟ್ ಸ್ಟಾರ್ಟರ್ ಯಾಕೆ ಬೇಕು ಎಂದು ಯಾರೂ ತಿಳಿಸಿ ಹೇಳಬೇಕಿಲ್ಲ. ಬಾದಾಮಿ ಕಡೆಯ ರಸ್ತೆ ಬಂದು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಗೆ ಕೂಡುವ ಈ ಕ್ರಾಸ್‌ನಲ್ಲಿ ನಮ್ಮ ಸೋದರಮಾವ ಬಾಡಿಗೆ ಕಾರು ಓಡಿಸುತ್ತಾರೆ. ಬಸ್ಸಿಳಿದ ಪ್ರವಾಸಿಗರಿಗೆ ಬಾದಾಮಿ, ಬನಶಂಕರಿ, ಪಟ್ಟದಕಲ್ಲು ತೋರಿಸಿಕೊಂಡು ಬರುವುದೇ ಅವರ ದುಡಿಮೆ. ಗಿರಾಕಿ ಹತ್ತುವಷ್ಟರಲ್ಲಿ ಒಳಗೆ ತಂಪಾಗಿರಲಿ ಎಂದು ಹೋದ ವರ್ಷ ದೊಡ್ಡ ಊರಿನ ಅಂಗಡಿಯೊಂದರಲ್ಲಿ ಹಳೆಯ ಕಾರಿಗೆ ರಿಮೋಟ್ ಸ್ಟಾರ್ಟರ್ ಹಾಕಿಸಿದರು. ಚಹಾದಂಗಡಿಯಲ್ಲಿ ಕೂತು ಗುಂಡಿ ಒತ್ತಿದರೆ ರಸ್ತೆಯಾಚೆ ಎಂಜಿನ್ ಶುರುವಾಗುತ್ತಿತ್ತು, ಎಸಿ ಓಡುತ್ತಿತ್ತು. ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಮಾಮಾನಿಗೆ ಅರ್ಧ ಖುಷಿ ಅದರದ್ದೇ.

ರಜೆಗೆ ಊರಿಗೆ ಹೋದಾಗ ಕಪಾಟಿನಲ್ಲಿದ್ದ ಎರಡನೇ ಚಾವಿ ತಂದು ಕೈಗಿಟ್ಟರು. "ಇದರ ಸೆಲ್ ಹೋಗೇತಿ ನೋಡವಾ, ಎಲೆಕ್ಟ್ರಾನಿಕ್ಸ್ ಓದಾಕತ್ತಿಯಲ್ಲ."

ಚಾವಿಯ ತಲೆ ಬಿಚ್ಚಿದೆ. ಸೆಲ್ ಇತ್ತು. ಅದರ ಪಕ್ಕದ ಸಣ್ಣ ಗೂಡು ಮಾತ್ರ ಖಾಲಿ. ಜೋಳದ ಕಾಳಿಗಿಂತ ತುಸು ದೊಡ್ಡದಾದ ಚಿಪ್ ಒಂದು ಅಲ್ಲಿರಬೇಕಿತ್ತು.

ಕಾರು ಕಳ್ಳರಿಗೂ ನಮಗೂ ನಡುವೆ ನಿಂತಿರುವುದು ಆ ಕಾಳಿನಷ್ಟು ಚಿಪ್. ಚಾವಿ ತೂರಿಸುವ ಜಾಗದ ಸುತ್ತ ತಾಮ್ರದ ತಂತಿಯ ಸುರುಳಿ ಇರುತ್ತದೆ. ಚಾವಿ ತಿರುಗಿಸಿದಾಗ ಚಿಪ್ ಆ ಸುರುಳಿಯಿಂದಲೇ ವಿದ್ಯುತ್ ಪಡೆದು ತನ್ನ ಗುರುತು ಹೇಳುತ್ತದೆ. ಅದಕ್ಕೆ ಸೆಲ್ ಬೇಕಿಲ್ಲ. ಕೆಲಸ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಕೆಲವೇ ಸೆಂಟಿಮೀಟರ್ ದೂರದಲ್ಲಿ. ಗುರುತು ಸರಿಯಿದ್ದರಷ್ಟೇ ಎಂಜಿನ್ ಓಡುತ್ತದೆ. ಇದರ ಹೆಸರು ಇಮ್ಮೊಬಿಲೈಸರ್. ಅಂಬಾಸಿಡರ್ ಕಾಲದಲ್ಲಿ ಎರಡು ವೈರ್ ತಾಗಿಸಿ ಕಾರು ಒಯ್ಯುತ್ತಿದ್ದ ವಿದ್ಯೆ ಈಗ ನಡೆಯದಿರುವುದು ಇದರಿಂದಲೇ. ಅಮೆರಿಕದಲ್ಲಿ ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿ ಬಳಸಿ ಕಿಯಾ, ಹುಂಡೈ ಕಾರು ಕದ್ದು 2022ರಲ್ಲಿ ವಿಡಿಯೊ ಹಾಕಿದ್ದು ನೆನಪಿರಬಹುದು. ಅಲ್ಲಿ ಮಾರಿದ್ದ ಆ ಮಾದರಿಗಳಲ್ಲಿ ಇಮ್ಮೊಬಿಲೈಸರ್ ಇರಲಿಲ್ಲ.

ಅಂದಮೇಲೆ ನನ್ನ ಕೈಯಲ್ಲಿದ್ದ ಖಾಲಿ ಚಾವಿಗೆ ಮಾಮಾನ ಕಾರು ಚಾಲೂ ಆಗಬಾರದು. ಹೋಗಿ ತಿರುಗಿಸಿದೆ. ಒಂದೇ ಏಟಿಗೆ ಚಾಲೂ ಆಯಿತು.

"ಈ ಚಾವಿ ಅಂಗಡಿಯವರ ಕೈಯಾಗ ಕೊಟ್ಟಿದ್ರೇನು ಮಾಮಾ?"

"ಹೂಂ, ಪ್ರೋಗ್ರಾಮಿಂಗ್ ಮಾಡಬೇಕು ಅಂತ ಅರ್ಧ ತಾಸು ಇಟ್ಕೊಂಡಿದ್ರು. ಯಾಕವಾ?"

ಯಾಕೆಂದರೆ, ರಿಮೋಟ್ ಸ್ಟಾರ್ಟರ್ ಗುಂಡಿ ಒತ್ತಿದಾಗ ಕಾರಿನಲ್ಲಿ ಚಾವಿ ಇರುವುದಿಲ್ಲ. ಇಮ್ಮೊಬಿಲೈಸರ್ ಗುರುತು ಕೇಳುತ್ತದೆ, ಹೇಳುವವರಿಲ್ಲ. ಕಂಪನಿಯೇ ಕೊಡುವ ರಿಮೋಟ್ ಸ್ಟಾರ್ಟ್‌ನಲ್ಲಿ ಇದಕ್ಕೆ ಒಳಗೇ ವ್ಯವಸ್ಥೆಯಿದೆ. ಎಂಜಿನ್ ಓಡುತ್ತಿದ್ದರೂ ಚಾವಿ ಒಳಗಿಲ್ಲದೆ ಗಾಡಿ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಹೊರಗೆ ಹಾಕಿಸುವವರು ಮಾತ್ರ ಇನ್ನೊಂದು ಚಾವಿಯ ಚಿಪ್ಪನ್ನು ಕಾರಿನೊಳಗೇ ಬಚ್ಚಿಡಬೇಕಾಗುತ್ತದೆ. ನೆಟ್ಟಗೆ ಮಾಡುವವರು ಅದರ ಜೊತೆ ರಿಲೇ ಹಾಕುತ್ತಾರೆ. ರಿಮೋಟ್ ಒತ್ತಿದ ಹೊತ್ತಿನಲ್ಲಷ್ಟೇ ಆ ಚಿಪ್ ಕೆಲಸ ಮಾಡುತ್ತದೆ, ಉಳಿದಂತೆ ಸುಮ್ಮನಿರುತ್ತದೆ. ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿದರೆ ನಮ್ಮ ಕಾರಿನಲ್ಲಿ ರಿಲೇ ಇರಲಿಲ್ಲ. ಚಿಪ್ಪನ್ನು ಸುರುಳಿಗೇ ಒತ್ತಿ ಕಪ್ಪು ಟೇಪ್ ಸುತ್ತಿದ್ದರು. ಮನೆಗೆ ದೊಡ್ಡ ಕೀಲಿ ಹಾಕಿ ಚಾವಿಯನ್ನು ಬಾಗಿಲಿಗೇ ಕಟ್ಟಿ ಹೋದ ಹಾಗೆ. ಒಂದು ವರ್ಷದಿಂದ ಯಾರು ಕೇಳಿದರೂ ಇಮ್ಮೊಬಿಲೈಸರ್ ‘ಹೂಂ’ ಅನ್ನುತ್ತಿತ್ತು. ಬಾಗಿಲು ತೆಗೆದವನಿಗೆ ಉಳಿದ ತಡೆ ಸ್ಟೇರಿಂಗ್ ಲಾಕ್ ಒಂದೇ.

ರಿಮೋಟ್ ಕಥೆಯೂ ಚೆನ್ನಾಗಿರಲಿಲ್ಲ. ಕಂಪನಿ ಚಾವಿಯ ಗುಂಡಿ ಪ್ರತಿ ಸಲ ಹೊಸ ಸಂಕೇತ ಕಳಿಸುತ್ತದೆ, ಅದಕ್ಕೆ ರೋಲಿಂಗ್ ಕೋಡ್ ಎನ್ನುತ್ತಾರೆ. ಕಾಲೇಜಿನ ಲ್ಯಾಬ್‌ನಲ್ಲಿ ರೇಡಿಯೊ ರಿಸೀವರ್ ಹಚ್ಚಿ ನೋಡಿದರೆ ಮಾಮಾನ ಸ್ಟಾರ್ಟರ್ ರಿಮೋಟ್ ಹತ್ತು ಸಲ ಒತ್ತಿದರೂ ಅದೇ ಸಂಕೇತ. ಒಮ್ಮೆ ಹಿಡಿದಿಟ್ಟುಕೊಂಡವರು ಬೇಕಾದಾಗ ಮತ್ತೆ ಕಳಿಸಬಹುದು. ಅವಸರದಲ್ಲಿ ಗೇರಿನಲ್ಲೇ ನಿಲ್ಲಿಸಿ ಹೋದ ಗಾಡಿ ಹೀಗೆ ಚಾಲೂ ಆದರೆ ಮುಂದಕ್ಕೆ ಜಿಗಿಯುತ್ತದೆ, ಅದು ಬೇರೆ ಭಯ.

ರೋಲಿಂಗ್ ಕೋಡ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎಂದೇನಲ್ಲ. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಅಮೆರಿಕದ ತಂತ್ರಜ್ಞ ಸುಮಾರು 32 ಡಾಲರ್ ಸಾಮಾನಿನಲ್ಲಿ ‘ರೋಲ್‌ಜಾಮ್’ ಮಾಡಿ ಅದನ್ನೂ ವಂಚಿಸಿ ತೋರಿಸಿದ್ದ. ಚಾವಿ ಜೇಬಿನಲ್ಲಿದ್ದರೆ ಸಾಕು ಎನ್ನುವ ಹತ್ತು ಮಾದರಿ ಕಾರುಗಳನ್ನು ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು 2011ರಲ್ಲೇ ಪರೀಕ್ಷಿಸಿದ್ದರು. ಮನೆಯೊಳಗಿನ ಚಾವಿಯ ಸಂಕೇತವನ್ನು ಕಾರಿನ ತನಕ ಮುಟ್ಟಿಸಿ ಹತ್ತನ್ನೂ ತೆರೆದರು. ನಮ್ಮ ಹತ್ತಿರದ ಪ್ರಕರಣವೂ ಇದೆ. 2021ರ ಜನವರಿಯಲ್ಲಿ ಹೈದರಾಬಾದಿನ ಹೋಟೆಲಿನಿಂದ ಕನ್ನಡ ಚಿತ್ರ ನಿರ್ಮಾಪಕರೊಬ್ಬರ ಕಾರು ಕಳುವಾಗಿತ್ತು. ಮರುವರ್ಷ ಬೆಂಗಳೂರಿನಲ್ಲಿ ಸಿಕ್ಕ ಆರೋಪಿ ಚಾವಿಗೆ ಪ್ರೋಗ್ರಾಮ್ ಮಾಡುವ ಯಂತ್ರ ಇಟ್ಟುಕೊಂಡು ದುಬಾರಿ ಕಾರು ಕದಿಯುತ್ತಿದ್ದ ಎಂದು ಪೊಲೀಸರು ಹೇಳಿದ್ದರು. ಅಂಥವನು ನಮ್ಮ ಕ್ರಾಸ್‌ಗೆ ಬಂದಿದ್ದರೆ ಯಂತ್ರವನ್ನು ಚೀಲದಿಂದ ತೆಗೆಯುವ ಕೆಲಸವೂ ಇರುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದರೂ ಮಾಮಾ ಗಾಬರಿಯಾಗಲಿಲ್ಲ. "ಇನ್ಶೂರೆನ್ಸ್ ಐತಲ್ಲ" ಎಂದರು. ನನಗೆ ಹೆದರಿಕೆ ಇದ್ದದ್ದೇ ಅಲ್ಲಿ. ಕಾರು ಕಳುವಾಗಿ ಕ್ಲೇಮ್ ಹಾಕಿದರೆ ವಿಮೆಯವರು ಎಫ್‌ಐಆರ್ ಜೊತೆಗೆ ಎರಡೂ ಚಾವಿ ಕೇಳುತ್ತಾರೆ. ಮಾಲೀಕರು ಚಾವಿ ಕಾರಿನಲ್ಲೇ ಬಿಟ್ಟಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ವಾಹನದ ಸುರಕ್ಷತೆಗೆ ತಕ್ಕ ಎಚ್ಚರ ವಹಿಸಬೇಕು ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಮಾಮಾ ಕೊಡುವ ಎರಡನೇ ಚಾವಿಯ ಹೊಟ್ಟೆ ಖಾಲಿ, ಅದರೊಳಗಿನ ಚಿಪ್ ಕಳುವಾದ ಕಾರಿನಲ್ಲಿ. ಸರ್ವೇಯರ್ ಮುಂದೆ ಏನು ಹೇಳುವುದು? ಕಾರಿನ ಸಾಲ ಇನ್ನೂ ಎರಡು ವರ್ಷ ಇದೆ. ಕಾರು ಹೋದರೂ ಕಂತು ನಿಲ್ಲುವುದಿಲ್ಲ.

ಮಾಮಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಗದ ಬಿಡು" ಎಂದರು.

ಟೇಪ್ ಬಿಚ್ಚಿ ಚಿಪ್ ಹೊರಗೆ ತೆಗೆದೆ. ಮತ್ತೆ ಖಾಲಿ ಚಾವಿ ಹಾಕಿ ತಿರುಗಿಸಿದೆ. ಸ್ಟಾರ್ಟರ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಗಾಡಿ ಚಾಲೂ ಆಗದಿದ್ದುದಕ್ಕೆ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಚಿಪ್ಪನ್ನು ಚಾವಿಯ ಗೂಡಿಗೆ ವಾಪಸ್ ಕೂರಿಸಿ, ಸ್ಟಾರ್ಟರ್ ಪೆಟ್ಟಿಗೆಯ ಫ್ಯೂಸ್ ಕಿತ್ತೆ.

ಸ್ಟ್ಯಾಂಡಿನಲ್ಲಿ ಇನ್ನೂ ಇಬ್ಬರು ಅದೇ ಅಂಗಡಿಯಲ್ಲಿ ಹಾಕಿಸಿದವರಿದ್ದರು. ಒಬ್ಬರ ಕಾರಿನಲ್ಲಿ ರಿಲೇ ಇತ್ತು. ಇನ್ನೊಬ್ಬರಿಗೆ ಎರಡನೇ ಚಾವಿ ಎಲ್ಲಿದೆ ಎಂದು ಕೇಳಿದೆ. ಅವರು ಜೇಬು ಮುಟ್ಟಿಕೊಂಡರು, ಹೆಂಡತಿಗೆ ಫೋನ್ ಮಾಡಿದರು. ಕಪಾಟಿನಲ್ಲಿ ಇರಲಿಲ್ಲ.

ಮಾಮಾ ಈಗ ಬೇವಿನ ಮರದ ಕೆಳಗೆ ಜಾಗ ಹಿಡಿಯಲು ಬೆಳಗ್ಗೆ ಬೇಗ ಹೋಗುತ್ತಾರೆ. ಕೆಲಸ ಮಾಡದ ಆ ರಿಮೋಟ್ ಮಾತ್ರ ಇನ್ನೂ ಚಾವಿ ಗೊಂಚಲಿನಲ್ಲೇ ತೂಗುತ್ತಿದೆ.