ಬಾಂಡ್ ಕೈಯ ಪುಟ್ಟ ಪಿಸ್ತೂಲು

ಜೇಮ್ಸ್ ಬಾಂಡ್ ಅಂದ್ರೆ ತಕ್ಷಣ ನೆನಪಾಗೋದೇನು? ಕಪ್ಪು ಸೂಟು, ಗತ್ತಿನ ನಡಿಗೆ, ಕೈಯಲ್ಲೊಂದು ಪುಟ್ಟ ಪಿಸ್ತೂಲು. ಅದರ ಹೆಸರು ವಾಲ್ಥರ್ ಪಿಪಿಕೆ. ಅದು ಬಾಂಡ್ ಕೈಸೇರಿದ್ದು ಒಬ್ಬ ಓದುಗರ ಪತ್ರದಿಂದ ಅಂದ್ರೆ ನಂಬ್ತೀರಾ?

ಕಾದಂಬರಿಕಾರ ಇಯಾನ್ ಫ್ಲೆಮಿಂಗ್ ಮೊದಲು ಬಾಂಡ್‌ಗೆ ಕೊಟ್ಟಿದ್ದು ಇಟಲಿಯ ಬೆರೆಟಾ ಪಿಸ್ತೂಲು. 1956ರಲ್ಲಿ ಗ್ಲಾಸ್ಗೋದಿಂದ ಜೆಫ್ರಿ ಬೂತ್‌ರಾಯ್ಡ್ ಎಂಬ ಬಂದೂಕುಪ್ರಿಯರು ಪತ್ರ ಬರೆದು, ಅದು ಹೆಂಗಸರ ಪಿಸ್ತೂಲು, ಗೂಢಚಾರನಿಗೆ ತಕ್ಕದ್ದಲ್ಲ ಎಂದು ತಕರಾರು ತೆಗೆದರು. ಫ್ಲೆಮಿಂಗ್ ಸಿಟ್ಟಾಗಲಿಲ್ಲ. ಸಲಹೆ ಕೇಳಿದರು. 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಬಾಂಡ್‌ಗೆ ಪಿಪಿಕೆ ಕೊಡಿಸಿದ್ದಲ್ಲದೆ, ಶಸ್ತ್ರತಜ್ಞನ ಪಾತ್ರಕ್ಕೆ ಮೇಜರ್ ಬೂತ್‌ರಾಯ್ಡ್ ಎಂದೇ ಹೆಸರಿಟ್ಟರು!

1930ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ತಯಾರಾದ ಈ ಪಿಸ್ತೂಲಿನ ಉದ್ದ ಸುಮಾರು 15.5 ಸೆಂಟಿಮೀಟರ್. 7.65 ಮಿಲಿಮೀಟರ್‌ನ ಏಳು ಗುಂಡು ತುಂಬಬಹುದು. ಕೋಟಿನೊಳಗೆ ಇಟ್ಟರೆ ಹೊರಗೆ ಕಾಣದು. ಮಫ್ತಿಯಲ್ಲಿರುವವರಿಗೆ ಹೇಳಿ ಮಾಡಿಸಿದ್ದು.

1962ರ ‘ಡಾಕ್ಟರ್ ನೋ’ ಸಿನಿಮಾದಲ್ಲಿ ಷಾನ್ ಕಾನರಿಯ ಬೆರೆಟಾ ಕಿತ್ತುಕೊಂಡು ಮೇಲಧಿಕಾರಿ ಪಿಪಿಕೆ ಕೊಡಿಸುತ್ತಾನೆ. ಕಾರಣ? ಹಿಂದಿನ ಕೆಲಸದಲ್ಲಿ ಬೆರೆಟಾ ಕೈಕೊಟ್ಟಿತ್ತು. ತಮಾಷೆಯೆಂದರೆ ಆ ಚಿತ್ರದಲ್ಲಿ ಕಾನರಿ ಹಿಡಿದದ್ದು ಪಿಪಿಕೆ ಅಲ್ಲ, ಅದರ ಅಣ್ಣನಂಥ ವಾಲ್ಥರ್ ಪಿಪಿ! ಮುಂದಿನ ಚಿತ್ರದ ಪೋಸ್ಟರ್ ಫೋಟೊ ತೆಗೆಯುವಾಗಂತೂ ಪಿಸ್ತೂಲೇ ಇರಲಿಲ್ಲ. ಛಾಯಾಗ್ರಾಹಕ ಡೇವಿಡ್ ಹರ್ನ್ ತಮ್ಮ ಏರ್‌ಗನ್ ಕೊಟ್ಟರು. ಆ ಉದ್ದ ನಳಿಕೆಯ ಏರ್‌ಗನ್ ಹಿಡಿದ ಬಾಂಡ್‌ನೇ ಜಗತ್ಪ್ರಸಿದ್ಧನಾದ. ನಮ್ಮಲ್ಲೂ 1968ರಲ್ಲಿ ‘ಜೇಡರ ಬಲೆ’ಯೊಂದಿಗೆ ರಾಜ್‌ಕುಮಾರ್ ಬಾಂಡ್ ಶೈಲಿಯ ಸಿಐಡಿ 999 ಆಗಿ ಬಂದರು.

1997ರಲ್ಲಿ ಬಾಂಡ್ ಹೊಸ ವಾಲ್ಥರ್ ಪಿ99 ಹಿಡಿದ. 2008ರಲ್ಲಿ ಮತ್ತೆ ಪಿಪಿಕೆಗೇ ಮರಳಿದ. ಪ್ರೇಕ್ಷಕರ ಕಣ್ಣಲ್ಲಿ ಅದು ಎಂದೂ ಕೈಕೊಡದ ಗೆಳೆಯ.

ಆದರೆ ಪರದೆಯಾಚೆ? 1974ರ ಮಾರ್ಚ್ 20ರ ರಾತ್ರಿ ಲಂಡನ್ನಿನಲ್ಲಿ ಬ್ರಿಟನ್ ರಾಜಕುಮಾರಿ ಆ್ಯನ್ ಅವರ ಕಾರು ಅಡ್ಡಗಟ್ಟಿ ಅಪಹರಣಕ್ಕೆ ಯತ್ನ ನಡೆಯಿತು. ಅಂಗರಕ್ಷಕ ಜಿಮ್ ಬೀಟನ್ ತಮ್ಮ ಪಿಪಿಕೆ ತೆಗೆದು ಒಂದು ಗುಂಡು ಹಾರಿಸಿದರು, ಗುರಿ ತಪ್ಪಿತು. ಮತ್ತೆ ಒತ್ತಿದರೆ ಪಿಸ್ತೂಲು ಜಾಮ್! ಬೆರೆಟಾ ಮೇಲಿದ್ದ ದೂರು ಈಗ ಪಿಪಿಕೆಗೇ ಬಂತು. ಮೂರು ಗುಂಡು ತಿಂದರೂ ಬೀಟನ್ ರಾಜಕುಮಾರಿಗೆ ಅಡ್ಡವಾಗಿ ನಿಂತರು. ಇಬ್ಬರೂ ಬದುಕುಳಿದರು. ಬೀಟನ್‌ಗೆ ಜಾರ್ಜ್ ಕ್ರಾಸ್ ಪದಕ ಸಂದಿತು, ಅಂಗರಕ್ಷಕರ ಕೈಯಿಂದ ಪಿಪಿಕೆ ವಾಪಸಾಯಿತು.

ಗುಂಡು ಕೈಕೊಟ್ಟರೂ ಗುಂಡಿಗೆ ಕೈಕೊಡಲಿಲ್ಲ.